ತೆರೆದೇ ಉಳಿದ ಲೆನ್ಸಿನ ರಜಾಕಸಾಬರು

ಅಬ್ದುಲರಜಾಕಸಾಬರು ಬಿಸಿಲನ್ನು ಧೋತರದಲ್ಲಿ ಅಳೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿಕೊಂಡಿರುವ ಓಣಿಯೊಂದರಲ್ಲಿ, ಮಹಡಿಯ ಮೇಲೆ, ಅವರದೊಂದು ಸ್ಟುಡಿಯೋ; ಅದರ ಗೋಡೆಗೆ ಆಳೆತ್ತರದ ಒಂದು ಕಿಟಕಿ; ಆ ಕಿಟಕಿಗೆ ಅಡ್ಡಲಾಗಿ ನಾಲ್ಕು ತಂತಿ; ಒಂದೊಂದು ತಂತಿಯ ಮೇಲೂ ಒಂದೊಂದು ಬಿಳಿಯ ಹಳೆ ಧೋತರ. ಚಿತ್ರ ತೆಗೆಸಿಕೊಳ್ಳಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಒಮ್ಮೆ ಅವರ ಮೂಗಿನ ಮೇಲೆ ಬಿದ್ದ ಬೆಳಕನ್ನೂ ಒಮ್ಮೆ ಹೊರಗಿನ ಆಕಾಶವನ್ನೂ ನೋಡಿ, "ಇವತ್ತ ಎರಡೂವರಿ ಧೋತರದ ಬಿಸಲ ಐತಿ" ಎಂದು ತಮಗೆ ತಾವೇ ಹೇಳಿಕೊಂಡು, ಎರಡನ್ನು ಪೂರ್ತಿ ಎಳೆದು ಮೂರನೆಯದನ್ನು ಅರ್ಧಕ್ಕೆ ಬಿಡುತ್ತಾರೆ. ಆಷಾಢದ ಮೋಡದ ದಿನ ಒಂದೂ ಬೇಡ. ಚೈತ್ರದ ಮಧ್ಯಾಹ್ನಕ್ಕೆ ನಾಲ್ಕೂ ಸಾಲದೆ ಹೆಗಲ ಮೇಲಿನ ಟವೆಲ್ಲನ್ನೂ ಇಳಿಸಿ ತೂಗುಹಾಕಬೇಕು. ಆ ಧೋತರಗಳಾದರೂ ಮಾರುಕಟ್ಟೆಯ ಹಿರಿಯ ದಲಾಲರು ಉಟ್ಟು ಬಿಟ್ಟವು. ಎಷ್ಟು ಒಗೆದರೂ ಅವುಗಳೊಳಗಿನ ಮೆಣಸಿನಕಾಯಿ ಘಾಟು ಹೋಗುವುದಿಲ್ಲ. ಸ್ಟೂಲಿನ ಮೇಲೆ ಕೂತವರ ಕಣ್ಣಿನಲ್ಲಿ ತೆಳುವಾಗಿ ನೀರಾಡುತ್ತದೆ. ರಜಾಕಸಾಬರ ಫೋಟೋದಲ್ಲಿ ಕಣ್ಣು ಮಿಂಚುತ್ತವೆಂದು ಮೂರು ತಾಲೂಕಿನ ಜನ ಹೊಗಳುವುದರ ಗುಟ್ಟು ಇಷ್ಟೇ.

ಅವರ ನಿಲುವು ಇನ್ನೂ ವಿಚಿತ್ರ. ಎಪ್ಪತ್ತು ದಾಟಿದ ಸಣಕಲು ಮೈ, ನಾಲ್ಕು ಜೇಬಿನ ತೋಳಿಲ್ಲದ ಖಾಕಿ ಕೋಟು, ಒಂದು ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು. ಎದುರಿಗೆ ನಿಂತು ಮಾತಾಡುವಾಗ ಅರ್ಧ ಹೆಜ್ಜೆ ಮುಂದೆ ಬರುತ್ತಾರೆ, ಕಾಲು ಹೆಜ್ಜೆ ಹಿಂದೆ ಸರಿಯುತ್ತಾರೆ, ಮತ್ತೆ ಒಂದಿಷ್ಟು ಮುಂದೆ ವಾಲಿ, ಎಲ್ಲೋ ಒಂದು ಕಡೆ ಸ್ಥಿರವಾಗಿ, "ಹಾಂ, ಹಂಗ ಇರ್ರಿ" ಎನ್ನುತ್ತಾರೆ. ಮೊದಲ ಸಲ ನಾನು ಇವರಿಗೆ ಕಣ್ಣು ಮಂದವೆಂದು ತಿಳಿದೆ. ಎರಡನೆಯ ಸಲ ನನ್ನ ಬಾಯಿಯೇ ನಾರುತ್ತಿದೆಯೇನೋ ಎಂಬ ಸಂಶಯದಿಂದ ಏಲಕ್ಕಿ ಜಗಿಯುತ್ತ ಹೋದೆ. ಆಮೇಲೆ ತಿಳಿಯಿತು, ಅವರು ಲೆನ್ಸಿನ ಉಂಗುರ ತಿರುಗಿಸಿ ಫೋಕಸ್ ಮಾಡುವವರಲ್ಲ, ಇಡೀ ಮೈಯನ್ನೇ ಹಿಂದೆ ಮುಂದೆ ಸರಿಸಿ ಮಾಡುವವರು. ನಲವತ್ತೈದು ವರ್ಷದ ಈ ರೂಢಿ ಕ್ಯಾಮೆರಾ ಕೆಳಗಿಟ್ಟ ಮೇಲೂ ಬಿಡುವುದಿಲ್ಲ. ಹಾಗೆ ಅವರು ಸ್ಥಿರವಾಗಿ ನಿಂತು ನಿಮ್ಮನ್ನು ನೋಡಿದರೆಂದರೆ, ನಿಮ್ಮ ಜನ್ಮದಲ್ಲಿ ಯಾರೂ ನಿಮ್ಮನ್ನು ಅಷ್ಟು ಪೂರ್ತಿಯಾಗಿ ನೋಡಿರಲಾರರು. ಹಾವೇರಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ನನ್ನ ಒಬ್ಬ ವಿದ್ಯಾರ್ಥಿಯೂ ನನ್ನತ್ತ ಹಾಗೆ ನೋಡಲಿಲ್ಲ.

ಇದೆಲ್ಲಕ್ಕೂ ಮೂಲ ಒಂದು ಲೆನ್ಸು. ಲೆನ್ಸಿನೊಳಗೆ ತೆಳ್ಳನೆಯ ಉಕ್ಕಿನ ಎಸಳುಗಳಿರುತ್ತವೆ. ಅವು ಕೂಡಿಕೊಂಡರೆ ಬೆಳಕಿನ ದ್ವಾರ ಕಿರಿದಾಗುತ್ತದೆ, ಅಗಲಿದರೆ ಹಿರಿದಾಗುತ್ತದೆ. ದ್ವಾರ ಕಿರಿದಾದಾಗ ಬೆಳಕು ಕಡಿಮೆ, ಆದರೆ ಹತ್ತಿರದ ಮುಖವೂ ದೂರದ ಗುಡ್ಡವೂ ಒಟ್ಟಿಗೆ ನಿಚ್ಚಳ. ಪೂರ್ತಿ ತೆರೆದಾಗ ಬೆಳಕು ಧಾರಾಳ, ಆದರೆ ಒಂದು ಗೇಣಿನಷ್ಟು ಆಳದೊಳಗೆ ಇದ್ದದ್ದು ಮಾತ್ರ ಸ್ಪಷ್ಟ, ಅದರ ಹಿಂದಿನದೂ ಮುಂದಿನದೂ ಎಲ್ಲ ಮಸುಕು. ಮುಖಚಿತ್ರಕ್ಕೆಂದೇ ಮಾಡಿದ ಇಂಥದೊಂದು ಲೆನ್ಸನ್ನು ರಜಾಕಸಾಬರು ಪ್ರಾಯದಲ್ಲಿ ಹುಬ್ಬಳ್ಳಿಯಿಂದ ತಂದಿದ್ದರು. ಒಂದು ಬೇಸಿಗೆಯಲ್ಲಿ ಅದರೊಳಗಿನ ಎಣ್ಣೆ ಕರಗಿ ಎಸಳುಗಳಿಗೆ ಅಂಟಿತು. ರಿಪೇರಿಗೆ ಕಳಿಸಿದರೆ ಹದಿನೈದು ದಿನ ಕಾಯಬೇಕು, ಲಗ್ನದ ಸುಗ್ಗಿ ಬೇರೆ. ಕೈಗಡಿಯಾರ ದುರಸ್ತಿಯವನ ಹತ್ತಿರ ಸಣ್ಣ ತಿರುಪುಳಿ ಇಸಿದುಕೊಂಡು ಬಂದು ತಾವೇ ಬಿಚ್ಚಿದರು. ಎಂಟು ಎಸಳೂ ಪೇಪರಿನ ಮೇಲೆ ಉದುರಿದವು. ಒರೆಸಿ ಜೋಡಿಸುವಾಗ ನೋಡಿದರೆ ಏಳೇ ಇವೆ. ಎರಡು ದಿನ ಅಂಗಡಿ ಮುಚ್ಚಿ, ನೆಲ ಗುಡಿಸಿ, ಗುಡಿಸಿದ ಧೂಳನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದರು. ಎಂಟನೆಯದು ಸಿಗಲಿಲ್ಲ. ಏಳನ್ನು ಕಟ್ಟಿಕೊಂಡು ಮಾಡುವುದೇನು. ಎಸಳಿಲ್ಲದೆಯೇ ಲೆನ್ಸನ್ನು ಕೂಡಿಸಿ ತಿರುಪು ಬಿಗಿದುಬಿಟ್ಟರು. ಅಂದಿನಿಂದ ಅದು ತೆರೆದೇ ಇದೆ. ಲೆನ್ಸನ್ನು ಮುಚ್ಚಲಾಗದ್ದರಿಂದ ಬಿಸಿಲನ್ನು ಮುಚ್ಚಲು ಕಲಿತರು, ಧೋತರಗಳು ಬಂದದ್ದು ಹಾಗೆ. ರೀಲಿನ ಕಾಲ ಹೋಗಿ ಡಿಜಿಟಲ್ ಬಂದಾಗ ಲೇಥಿನವನಿಂದ ಒಂದು ಹಿತ್ತಾಳೆ ಉಂಗುರ ಕಡೆಸಿ, ಯಾರೋ ಮಾರಿದ ಹಳೆ ಕ್ಯಾಮೆರಾಕ್ಕೆ ಅದೇ ಲೆನ್ಸನ್ನು ಕೂಡಿಸಿಕೊಂಡರು.

ಆ ಲೆನ್ಸಿನಿಂದ ಆಗದೇ ಇದ್ದ ಕೆಲಸಗಳನ್ನು ಬರೆಯುತ್ತ ಕೂತರೆ ಪುಟ ತುಂಬೀತು. ನನ್ನ ಪಾಸ್‌ಪೋರ್ಟಿಗೆ ಅವರು ತೆಗೆದ ಚಿತ್ರದಲ್ಲಿ ಕಣ್ಣು ಸಾಕ್ಷಾತ್ ಮಹರ್ಷಿಯವೇ ಆಗಿದ್ದವು, ಕಿವಿಗಳು ಮಾತ್ರ ಕರಗಿ ಹೋಗಿದ್ದವು. ಕಿವಿಯಿಲ್ಲದ ಮನುಷ್ಯನನ್ನು ಪರದೇಶಕ್ಕೆ ಕಳಿಸಲು ಕಚೇರಿಯವರು ಒಪ್ಪಲಿಲ್ಲ. ಮನೆಮಂದಿಯೆಲ್ಲ ಕೂಡಿ ಫೋಟೋ ತೆಗೆಸಲು ಬಂದರೆ ಸೀಮೆಸುಣ್ಣದಿಂದ ನೆಲದ ಮೇಲೆ ಒಂದೇ ಗೆರೆ ಎಳೆದು, ಅಜ್ಜನಿಂದ ಕೂಸಿನವರೆಗೆ ಎಲ್ಲರ ಹೆಬ್ಬೆರಳೂ ಅದರ ಮೇಲೆ ಇರಬೇಕೆನ್ನುತ್ತಿದ್ದರು. ಹಿರಿಯರಿಗೆ ಕುರ್ಚಿಯಿಲ್ಲ, ಕಿರಿಯರು ಬೆನ್ನ ಹಿಂದಿಲ್ಲ, ಸೊಸೆ ಅತ್ತೆಗಿಂತ ಒಂದು ಬೆರಳು ಸರಿದರೂ ಮುಖ ಮಾಯ. ಪೊಲೀಸರು ಹಿಡಿದು ನಿಲ್ಲಿಸಿದಂತೆ ಕಾಣುತ್ತದೆಂದು ಜನ ಮುನಿದು ಬೇರೆ ಅಂಗಡಿಗಳಿಗೆ ಹೋದರು. ಒಮ್ಮೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಚಿತ್ರ ತೆಗೆದಿದ್ದರು: ಒಬ್ಬಳ ಮುಖ ಮತ್ತು ಬೆರಳು ಮಾತ್ರ ನಿಚ್ಚಳ, ಸುತ್ತ ಬರೀ ಕೆಂಪು. ಎಂಥ ಚಿತ್ರವಯ್ಯಾ ಎಂದು ನಾನು ಮೈಮರೆತು ನಿಂತಾಗ, ಅವರು ಮುಖ ಸಣ್ಣದು ಮಾಡಿಕೊಂಡು, "ಇಪ್ಪತ್ತು ಮಂದಿ ಕುಂತಿದ್ರು ಮಾಸ್ತರ. ಒಬ್ಬಾಕಿ ಅಷ್ಟ ಬಂದಾಳ" ಎಂದರು.

ನಾನಾದರೋ ಚೀಲದಲ್ಲಿ ನಾಲ್ಕು ಲೆನ್ಸು ಹೊತ್ತು ತಿರುಗಿ ನಾಲ್ಕು ನೆಟ್ಟಗಿನ ಚಿತ್ರ ತೆಗೆಯದ ಹವ್ಯಾಸಿ. ಇಂಥವರಿಗೆ ತತ್ತ್ವ ಹೇಳುವ ಚಟ ಜಾಸ್ತಿ. ಪತ್ರಿಕೆಯೊಂದಕ್ಕೆ ರಜಾಕಸಾಬರ ಮೇಲೆ ಲೇಖನ ಬರೆದೆ. ಮಿತಿಯೇ ಕಲೆಯ ಜನನಿ, ಒಂದು ದ್ವಾರ ಮುಚ್ಚದಿದ್ದವನಿಗೆ ಸಾವಿರ ದ್ವಾರಗಳು ತೆರೆದವು, ಸ್ವೇಚ್ಛೆಗಿಂತ ನಿರ್ಬಂಧ ದೊಡ್ಡದು ಎಂದೆಲ್ಲ ಹೊಸೆದಿದ್ದೆ. ಅವರು ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನೀಟಾಗಿ ಮಡಿಚಿ ನನ್ನ ಕೈಗೆ ಕೊಟ್ಟರು.

"ಛಲೋ ಬರದೀರಿ. ಆದ್ರ ಸುಳ್ಳ ಬರದೀರಿ. ಆ ಎಂಟನೇದ್ದು ಸಿಕ್ಕಿದ್ರ ನಾ ಅವತ್ತ ಮುಚ್ಚತಿದ್ನಿ. ಇದು ನಾ ಹಿಡದ ವ್ರತ ಅಲ್ರಿ, ನನ್ನ ಕೈಲಾಗದ್ದು."

ಹಾಗಾದರೆ ಬೇರೆ ಲೆನ್ಸು ಯಾಕೆ ಕೊಳ್ಳಲಿಲ್ಲ ಎಂದು ಕೆಣಕಿದೆ. ಅಳಿಯ ನಯಾಜ ಒಂದು ಹೊಸ ಲೆನ್ಸು ಕಳಿಸಿದ್ದನಂತೆ. ಎಲ್ಲ ದೂರಕ್ಕೂ ಹಿಗ್ಗುವ, ಎಲ್ಲ ಅಳತೆಗೂ ಮುಚ್ಚುವ ಬೆಲೆಬಾಳುವ ಲೆನ್ಸು. ಮೂರು ವಾರ ಹೆಣಗಿದರಂತೆ. ಅದರಲ್ಲಿ ಸ್ಟೂಲಿನವನ ಮುಖವೂ ಕಂಡಿತು, ಗೋಡೆಯ ಕ್ಯಾಲೆಂಡರೂ ಕಂಡಿತು, ಮೂಲೆಯಲ್ಲಿ ಬಿಟ್ಟ ತಮ್ಮ ಚಪ್ಪಲಿಯೂ ಕಂಡಿತು. "ಎಲ್ಲಾ ಕಂಡ್ರ ನನಗ ಯಾರೂ ಕಾಣೂದಿಲ್ರಿ" ಎಂದು ಅರಿವೆಯಲ್ಲಿ ಸುತ್ತಿ ವಾಪಸು ಕೊಟ್ಟರು. ಲೆನ್ಸು ಮನುಷ್ಯನಂತಾಯಿತೋ ಮನುಷ್ಯ ಲೆನ್ಸಿನಂತಾದನೋ, ಅಷ್ಟು ಹೊತ್ತಿಗೆ ಬೇರ್ಪಡಿಸುವ ಕಾಲ ಮೀರಿತ್ತು.

ಅಳಿಯ ಎಂದೆನಲ್ಲ, ಆ ಸಂಸಾರದ ಕಥೆ ಹೇಳಬೇಕು. ರಜಾಕಸಾಬರು ಆ ಮಹಡಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಒಂದು ಸ್ಟೋವು, ಒಂದು ತಾಟು, ಒಂದು ಲೋಟ. ಹೆಂಡತಿ ಜರೀನಾ ಇರುವುದು ರಾಣೆಬೆನ್ನೂರಿನಲ್ಲಿ, ತನ್ನ ಅಣ್ಣ ಸಲಾವುದ್ದೀನರ ಮನೆಯಲ್ಲಿ. ತಲಾಖು ಆಗಿಲ್ಲ, ಜಗಳವೂ ಆಗಿಲ್ಲ. ಲಗ್ನವಾದ ಮರುವರ್ಷ ರಜಾಕಸಾಬರ ತಾಯಿ ಕುಲ್ಸುಮಬಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಹನ್ನೊಂದು ವರ್ಷ ಮಗ ಆಕೆಯನ್ನು ಕೂಸಿನಂತೆ ನೋಡಿಕೊಂಡ. ತಲೆ ಬಾಚಿದ, ಗಂಜಿ ಕುಡಿಸಿದ, ಎತ್ತಿ ಬಿಸಿಲಿಗೆ ಕೂರಿಸಿದ, ಆ ಓರೆಯಾದ ಮುಖದ ನೂರಾರು ಚಿತ್ರಗಳನ್ನು ತೆಗೆದ. ಓಣಿಯ ಜನ ಈಗಲೂ ಅಂಥ ಮಗನನ್ನು ಕಂಡಿಲ್ಲವೆನ್ನುತ್ತಾರೆ. ಆ ಹನ್ನೊಂದು ವರ್ಷ ಗಂಜಿ ಕಾಸಿದವಳು, ಹಾಸಿಗೆ ಒಗೆದವಳು, ನಡುವೆ ಒಂದು ಹೆಣ್ಣು ಹಡೆದವಳು, ಟೈಫಾಯಿಡ್ ಬಂದು ಇಪ್ಪತ್ತು ದಿನ ಒಲೆಯ ಪಕ್ಕದಲ್ಲೇ ಮಲಗಿ ಎದ್ದವಳು ಜರೀನಾ. ಆಕೆಯದು ಒಂದೇ ಒಂದು ಚಿತ್ರವೂ ಆ ಸ್ಟುಡಿಯೋದಲ್ಲಿಲ್ಲ. ಕುಲ್ಸುಮಬಿ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ, ಹತ್ತು ವರ್ಷದ ಮಗಳು ಶಬನಮ್‌ಳ ಕೈ ಹಿಡಿದು, ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದಳು. ಅದಾಗಿ ಮೂವತ್ತೊಂದು ವರ್ಷ. ಕರೆಯಲು ರಜಾಕಸಾಬರು ಎರಡು ಸಲ ಹೋದರು. ಎರಡೂ ಸಲ ಆ ಮನೆಯವರು ಊಟ ಹಾಕಿ ಕಳಿಸಿದರು, ಆಕೆ ಹೊರಗೆ ಬರಲಿಲ್ಲ. ಯಾಕೆಂದು ತಮಗೆ ಇಂದಿಗೂ ಅರ್ಥವಾಗಿಲ್ಲವೆಂದು ಅವರು ನನ್ನ ಮುಂದೆ ಹೇಳಿದಾಗ ನಂಬಿದೆ. ಸುಳ್ಳು ಹೇಳುವ ಮುಖವಲ್ಲ ಅದು.

ಮೂರು ವರ್ಷದ ಹಿಂದೆ ಶಬನಮ್‌ಳ ಮಗಳು ಸಾನಿಯಾಳ ಲಗ್ನ ಗೊತ್ತಾಯಿತು. ಅಪ್ಪನ ಮೇಲೆ ಒಳಗೊಳಗೇ ಕಕ್ಕುಲತೆಯಿದ್ದ ಶಬನಮ್ ಬ್ಯಾಡಗಿಗೆ ತಾನೇ ಬಂದು ಕರೆದಳು. ಅಬ್ಬಾ, ನೀವೂ ಒಂದು ಫೋಟೋ ತೆಗೆಯಿರಿ, ಚೆನ್ನಾಗಿ ಬಂದರೆ ಪಡಸಾಲೆಯಲ್ಲಿ ಹಾಕೋಣವೆಂದು ಸಲಾವುದ್ದೀನ ಮಾಮಾ ಅಂದಿದ್ದಾರೆ ಎಂದಳಂತೆ. ಈ ಮಾತನ್ನು ರಜಾಕಸಾಬರು ನನಗೆ ಒಂದು ವಾರದಲ್ಲಿ ಏಳು ಸಲ ಹೇಳಿದರು. ತಮ್ಮ ಹೆಂಡತಿ ಮಗಳು ಬಾಳಿದ ಮನೆಯಲ್ಲಿ ತಮ್ಮದೆನ್ನುವ ಒಂದು ಗುರುತಿಲ್ಲ. ತಮ್ಮ ಕೈಯಿಂದಾದ ಒಂದು ಚಿತ್ರ ಆ ಗೋಡೆಯ ಮೇಲೆ ಇರಬೇಕು. ಈ ಜನ್ಮದಲ್ಲಿ ಇನ್ನೇನೂ ಬೇಡವೆಂದರು. ಜೊತೆಗೆ ಬರಲು ನನ್ನನ್ನು ಒತ್ತಾಯಿಸಿದರು, ಒಬ್ಬರೇ ಹೋಗಲು ಅವರಿಗೆ ಅಂಜಿಕೆ.

ರಾಣೆಬೆನ್ನೂರಿನ ಕಲ್ಯಾಣಮಂಟಪದಲ್ಲಿ ಅಂದು ಝಗಝಗಿಸುವ ದೀಪ. ವೇದಿಕೆಯ ಸೋಫಾದ ಮೇಲೆ ಮದುಮಗ, ಮದುಮಗಳು. ಹಿಂದೆ ಶಬನಮ್, ನಯಾಜ, ಸಲಾವುದ್ದೀನರು. ಮೊಣಕಾಲು ನೋವಿಗೆ ವೇದಿಕೆ ಹತ್ತಲಾರದೆ ಅದರ ಮುಂದೆ, ಒಂದು ಮೆಟ್ಟಿಲ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜರೀನಾ. ಎಲ್ಲರನ್ನೂ ಒಂದೇ ಗೆರೆಗೆ ತರಬೇಕೆಂದು ರಜಾಕಸಾಬರು ಸೀಮೆಸುಣ್ಣ ಹೊರತೆಗೆದರು. ಕೆಳಗೆ ಹಾಸಿದ್ದು ಕಾರ್ಪೆಟ್ಟು, ಅದರ ಮೇಲೆ ಸುಣ್ಣ ಮೂಡದು. ಲಗ್ನದ ಫೋಟೋಗ್ರಾಫರ್ ಹಿಂದಿನಿಂದ ಲಗೂ ಮಾಡ್ರಿ ಅಜ್ಜಾರ ಎಂದು ಅವಸರಿಸುತ್ತಿದ್ದ. ಊಟದ ಪಂಗ್ತಿ ಬೇರೆ ಕಾದಿತ್ತು. ರಜಾಕಸಾಬರು ಕ್ಯಾಮೆರಾ ಕಣ್ಣಿಗೇರಿಸಿದರು. ಅರ್ಧ ಹೆಜ್ಜೆ ಮುಂದೆ ಹೋದರು, ಕಾಲು ಹೆಜ್ಜೆ ಹಿಂದೆ ಸರಿದರು. ಇಪ್ಪತ್ತೆಂಟು ವರ್ಷದ ಮೇಲೆ ಜರೀನಾಳ ಮುಖ ಅಷ್ಟು ಹತ್ತಿರದಲ್ಲಿ ಅವರಿಗೆ ಕಂಡಿತ್ತು. ಒಂದೇ ಸಲ ಕ್ಲಿಕ್ಕಿಸಿ, ಸಾಕು ಎಂದು ಕೆಳಗಿಳಿಸಿದರು.

ಅವರು ಮಾಡಿಸಿದ ಪ್ರಿಂಟನ್ನು ವಾರದ ಮೇಲೆ ಸ್ಟುಡಿಯೋದಲ್ಲಿ ನೋಡಿದೆ. ನಾನು ಈ ಬಾಳಿನಲ್ಲಿ ಕಂಡ ಅತ್ಯುತ್ತಮ ಮುಖಚಿತ್ರ ಅದು. ಮೂಗುಬೊಟ್ಟಿನ ಸವೆದ ಅಂಚು, ಹಣೆಯ ಮೇಲಿನ ಸೆರಗಿನ ನೆರಳು, ಗದರಲೆಂದೇ ಕೂತಂತಿದ್ದರೂ ಗದರದೆ ಉಳಿದ ಕಣ್ಣು. ಮುಪ್ಪನ್ನು ಇಷ್ಟು ಗೌರವದಿಂದ ಯಾರೂ ನೋಡಿರಲಾರರು ಅನ್ನಿಸಿತು. ಹಿಂದೆ ಕೆಂಪು, ಹಸಿರು, ಜರಿ, ಎಲ್ಲ ಕಲಸಿದ ಒಂದು ಮಂಜು. ಭಲೇ ಸಾಬ್ರ ಎಂದೆ. ನಾನೇ ರಾಣೆಬೆನ್ನೂರಿಗೆ ಮುಟ್ಟಿಸುತ್ತೇನೆಂದು ಉತ್ಸಾಹದಿಂದ ಹೊರಟೆ. ಮಹಾ ರಸಿಕನೆಂಬ ಜಂಬದವನು ನಾನು. ಲಗ್ನದ ಚಿತ್ರದಲ್ಲಿ ಮದುಮಗಳು ಎಲ್ಲಿ ಎಂದು ನನಗೂ ಹೊಳೆಯಲಿಲ್ಲ.

ಪಡಸಾಲೆಯಲ್ಲಿ ಸಲಾವುದ್ದೀನರೂ ಶಬನಮ್‌ಳೂ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಬನಮ್‌ಳ ಕಣ್ಣು ತುಂಬಿತು. ಜರೀನಾ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳು ತಮ್ಮ ಮುಖದ ಮೇಲೆ ಆಡಲಿಲ್ಲ; ಹಿಂದಿನ ಕೆಂಪು ಮಂಜಿನ ಮೇಲೆ, ಸಾನಿಯಾ ಇರಬೇಕಾದ ಕಡೆ, ಹಿಂದೆ ಮುಂದೆ ಸವರಿತು.

"ಈ ಮಸುಕ ನನಗ ಗೊತ್ತೈತ್ರಿ ಅಣ್ಣಾರ" ಎಂದರು ನನ್ನತ್ತ ತಿರುಗಿ. "ಹನ್ನೊಂದ ವರ್ಷ ನಾ ಇದರಾಗ ಕುಂತಿದ್ನಿ. ನನ್ನ ಮೊಮ್ಮಗಳ್ನ ಅಲ್ಲಿ ಕುಂದರಸಬ್ಯಾಡ್ರಿ ಅಂತ ಹೇಳ್ರಿ ಅವರಿಗೆ."

ಚಿತ್ರವನ್ನು ನನ್ನ ಕೈಗೆ ಮರಳಿ ಕೊಟ್ಟರು. ನಾನು ಚಪ್ಪಲಿ ಮೆಟ್ಟುವಾಗ ಒಳಗಿನಿಂದಲೇ ಮತ್ತೆ ಅವರ ದನಿ ಬಂತು.

"ಈ ಮನ್ಯಾಗ ಇಪ್ಪತ್ತೊಂಬತ್ತ ಮಂದಿ ಅದೀವಿ. ಒಬ್ಬೊಬ್ಬರ್ನೂ ನೋಡಲಿ. ಸಾವಕಾಶ ನೋಡಲಿ. ನಂದು ಕಡೀಕ."

ಬ್ಯಾಡಗಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಣ್ಣ ಹಚ್ಚಲು ಬಾಯಿ ಬರಲಿಲ್ಲ. ರಜಾಕಸಾಬರು ಗಿರಾಕಿಗಳ ಸ್ಟೂಲಿನ ಮೇಲೆ ತಾವೇ ಕೂತರು. ಹನ್ನೊಂದು ವರ್ಷ ಎಂದಳೇ ಎಂದು ಎರಡು ಸಲ ಕೇಳಿದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ಅಮ್ಮನನ್ನು ನೋಡಿಕೊಂಡದ್ದು ತಪ್ಪಲ್ಲ, ಅಲ್ಲವೇ ಎಂದು ಕೇಳಿದರು, ತಪ್ಪಲ್ಲ ಎಂದೆ. ಅವಳೂ ಅಲ್ಲಿಯೇ ಇದ್ದಳಲ್ಲ ಮಾಸ್ತರ, ಎರಡೇ ಮಾರು ದೂರದಲ್ಲಿ ಎಂದರು.

ಮುಂದಿನ ಶುಕ್ರವಾರ ನಮಾಜು ಮುಗಿಸಿ, ಕ್ಯಾಮೆರಾದ ಜೊತೆ ಎರಡು ಧೋತರ ಚೀಲಕ್ಕೆ ಹಾಕಿಕೊಂಡು ರಾಣೆಬೆನ್ನೂರಿಗೆ ಹೋದರು. ಅಂದಿನಿಂದ ಇದೇ ಕ್ರಮ. ಒಂದು ಶುಕ್ರವಾರಕ್ಕೆ ಒಬ್ಬರು. ಯಾರ ಸರದಿ ಎಂಬುದು ಒಳಮನೆಯಿಂದ ತೀರ್ಮಾನವಾಗಿ ಬರುತ್ತದೆ. ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಆ ಒಬ್ಬರನ್ನು ಕೂರಿಸಿ, ಮಾತಾಡಿಸಿ, ಅವರು ಏನು ಓದುತ್ತಾರೆ, ಯಾಕೆ ಮಂಕಾಗಿದ್ದಾರೆ, ಹಲ್ಲು ಯಾವಾಗ ಬಿತ್ತು ಎಂದೆಲ್ಲ ಕೇಳಿ, ಬಿಸಿಲು ಸರಿಯಿಲ್ಲದಿದ್ದರೆ ಚಿತ್ರ ತೆಗೆಯದೆಯೇ ಎದ್ದು ಬಂದು ಮರುವಾರ ಮತ್ತೆ ಹೋಗುತ್ತಾರೆ, ಒಂದೊಂದು ಮುಖಕ್ಕೆ ತಿಂಗಳು ಹಿಡಿಯುವುದೂ ಉಂಟು. ಮೊದಲನೆಯದು ಸಾನಿಯಾಳದು. ಅದನ್ನು ಹಾಕಲು ಸಲಾವುದ್ದೀನರೇ ಗೋಡೆಗೆ ಮೊಳೆ ಹೊಡೆದರು. ಬೇಡಿದ್ದು ಒಂದು, ಈಗ ಆ ಗೋಡೆಯ ಮೇಲೆ ಇಪ್ಪತ್ತಮೂರು ಚಿತ್ರಗಳಿವೆ. ಒಳಗಿನಿಂದ ಚಹಾ ಬರುತ್ತದೆ, ಸಕ್ಕರೆ ಅವರಿಗೆ ಬೇಕಾದಷ್ಟೇ ಇರುತ್ತದೆ. ಜರೀನಾ ಹೊರಗೆ ಬರುವುದಿಲ್ಲ, ಅವರು ಒಳಗೆ ಇಣುಕುವುದಿಲ್ಲ, ಈ ಮೂರು ವರ್ಷದಲ್ಲಿ ಇಬ್ಬರ ನಡುವೆ ನೇರವಾಗಿ ಒಂದು ಮಾತೂ ಆಗಿಲ್ಲ.

ಮತ್ತು ಆ ಸಾಲು ಮುಗಿಯುವ ಲಕ್ಷಣವೂ ಇಲ್ಲ. ಇಪ್ಪತ್ತೊಂಬತ್ತು ಇದ್ದದ್ದು ಇಬ್ಬರು ಸೊಸೆಯರು ಬಂದು ಮೂವತ್ತೊಂದಾಯಿತು, ಸಾನಿಯಾಳ ಕೂಸು ಸೇರಿ ಮೂವತ್ತೆರಡಾಯಿತು. ಕೂಸು ಅಲುಗುತ್ತದೆಂದು ಅದರ ಮೇಲೆಯೇ ಎಂಟು ಶುಕ್ರವಾರ ಹೋದವು. ಸಲಾವುದ್ದೀನರ ಕಿರಿಯ ಮಗ ಶಾಕೀರನ ಚಿತ್ರ ಎಂದೋ ಆಗಿತ್ತು. ಈಚೆಗೆ ಅವನು ಗಡ್ಡ ಬಿಟ್ಟಿದ್ದಾನೆ, ಬೇರೆಯೇ ಕಾಣುತ್ತಾನೆ, ಇನ್ನೊಮ್ಮೆ ತೆಗೆಯಬೇಕೆಂದು ಒಳಗಿನಿಂದ ಹೇಳಿಕೆ ಬಂತು.

ಇದನ್ನು ಕೇಳಿ ನನಗೆ ಸಿಟ್ಟು ಬಂತು. ಕಳೆದ ಶುಕ್ರವಾರ ಅವರ ಜೊತೆ ಹೋದವನು, ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತ ನಿಂತಾಗ ತಡೆಯಲಾರದೆ ಹೇಳಿಬಿಟ್ಟೆ. ಸಾಬ್ರ, ಆಕೆ ನಿಮ್ಮನ್ನು ಆಟ ಆಡಿಸುತ್ತಿದ್ದಾಳೆ; ಆ ಮನೆಯಲ್ಲಿ ಲಗ್ನಗಳು ನಿಲ್ಲುವುದಿಲ್ಲ, ಕೂಸುಗಳು ನಿಲ್ಲುವುದಿಲ್ಲ, ನಿಮಗೆ ಎಪ್ಪತ್ತೊಂದು; ಆಕೆಯ ಸರದಿ ಬರುವುದಿಲ್ಲ, ಇದು ನಿಮಗೆ ಯಾಕೆ ತಿಳಿಯುವುದಿಲ್ಲ ಎಂದೆ. ಅವರು ಅಷ್ಟು ಗದ್ದಲದ ನಡುವೆ ನನ್ನನ್ನೊಬ್ಬನನ್ನೇ ನೋಡುತ್ತ ಅರ್ಧ ಹೆಜ್ಜೆ ಮುಂದೆ ಬಂದರು.

"ಗೊತ್ತೈತ್ರಿ ಮಾಸ್ತರ" ಎಂದರು. "ಆದ್ರ ಬರಬ್ಯಾಡ ಅಂದಿಲ್ಲಲ್ರಿ."

ಬಸ್ಸು ಬಂತು. ಅವರು ಹತ್ತಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಖಾಲಿಯಿದ್ದ ಜೋಡಿ ಸೀಟಿನಲ್ಲಿ ಕೂತರು. ನನ್ನ ಹಾವೇರಿ ಬಸ್ಸು ಬರುವವರೆಗೆ ನಾನು ಅಲ್ಲಿಯೇ ನಿಂತಿದ್ದೆ.

ಇಂಥ ಮನುಷ್ಯರನ್ನು ಹೊರಗಿನ ನಾವು ಏಕಾಗ್ರಚಿತ್ತರೆಂದು, ತಪಸ್ವಿಗಳೆಂದು ಬಾಯಿ ತುಂಬ ಹೊಗಳುತ್ತೇವೆ, ಲೇಖನ ಬರೆಯುತ್ತೇವೆ. ಅವರ ಬೆನ್ನ ಹಿಂದೆ ಬಾಳು ಸವೆಸಿದವರನ್ನು ಕೇಳಲು ಹೋಗುವುದಿಲ್ಲ. ಅವರ ಪ್ರೀತಿ ಸಣ್ಣದಲ್ಲ, ನಮ್ಮೆಲ್ಲರದಕ್ಕಿಂತ ದೊಡ್ಡದು. ಆದರೆ ಎಲ್ಲರನ್ನೂ ಒಟ್ಟಿಗೆ ಪ್ರೀತಿಸುವುದು ಅವರಿಗೆ ಬರುವುದಿಲ್ಲ. ಒಬ್ಬೊಬ್ಬರನ್ನಾಗಿ ಪ್ರೀತಿಸುತ್ತ ಹೋಗೋಣವೆಂದರೆ, ಆಯುಷ್ಯ ಸಾಲುವುದಿಲ್ಲ.